ಗಲಾಪಗೊಸ್ ಹಡಗಿನಲ್ಲಿ ಒಂದು ದಿನ: ಯಾವ ದ್ವೀಪಕ್ಕೆ, ಯಾವ ತಿಂಗಳಲ್ಲಿ, ಹೇಗೆ ಇಳಿಯುವುದು

ಗಲಾಪಗೊಸ್‌ಗೆ ಹಡಗು ಗೊತ್ತುಮಾಡುವವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಕೋಣೆಯ ಫೋಟೊ, ಆಮೇಲೆ ದರ. ದಿನಚರಿಯ ಹಾಳೆಯ ಮೇಲೆ ಕಣ್ಣು ಬೀಳುವುದು ಕೊನೆಗೆ, ಅದೂ ದ್ವೀಪಗಳ ಹೆಸರಿನ ಮೇಲಷ್ಟೇ. ಈ ಕ್ರಮವೇ ತಲೆಕೆಳಗು. ಇಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ದಂಡೆ, ಕೆಲವಕ್ಕೆ ವರ್ಷದ ಕೆಲವೇ ತಿಂಗಳು. ಹಾರಲಾರದ ನೀರುಕಾಗೆಯನ್ನು ನೋಡಲೇಬೇಕೆಂದು ಬಂದವರು ಪೂರ್ವದ ದ್ವೀಪಗಳ ಹಡಗು ಹತ್ತಿಬಿಟ್ಟರೆ, ಎಂಟು ದಿನ ಸುತ್ತಿದರೂ ಅದರ ಒಂದು ಪುಕ್ಕವೂ ಕಾಣಸಿಗದು.

ಆದ್ದರಿಂದ ಇಲ್ಲಿ ಹಡಗುಗಳನ್ನು ಹೋಲಿಸುವ ಮೊದಲು ದಿನಗಳನ್ನು ಹೋಲಿಸಿದ್ದೇವೆ. ಬೆಳಗ್ಗೆ ಆರರಿಂದ ಸಂಜೆ ಆರರವರೆಗಿನ ಒಂದು ದಿನದಲ್ಲಿ ಏನು ಸಿಗುತ್ತದೆ, ಅದಕ್ಕೆ ಮೈ ಎಷ್ಟು ದಣಿಯಬೇಕು, ಎಲ್ಲಿ ಕೈತಪ್ಪುತ್ತದೆ ಎಂಬುದು ತಿಳಿದರೆ ಹಡಗು ಆರಿಸುವುದು ಸುಲಭ.

ಮೊದಲು ನಿಯಮ, ಏಕೆಂದರೆ ಆಯ್ಕೆ ಹುಟ್ಟುವುದೇ ಅಲ್ಲಿಂದ

ಈಕ್ವೆಡಾರ್‌ನ ತೀರದಿಂದ ಸುಮಾರು 1000 ಕಿಲೋಮೀಟರ್ ಪಶ್ಚಿಮಕ್ಕಿರುವ ಈ ದ್ವೀಪಗಳ ನೆಲದಲ್ಲಿ 97 ಶೇಕಡ ರಾಷ್ಟ್ರೀಯ ಉದ್ಯಾನ. 1959ರಲ್ಲಿ ಘೋಷಣೆಯಾದದ್ದು. ಗುರುತು ಮಾಡಿದ ತಾಣಗಳಲ್ಲಿ ಮಾತ್ರ ಇಳಿಯಬಹುದು, ಅದೂ ಉದ್ಯಾನದ ಪರವಾನಗಿ ಇರುವ ಮಾರ್ಗದರ್ಶಿಯ ಜೊತೆಗೆ. ಒಬ್ಬ ಮಾರ್ಗದರ್ಶಿಗೆ ಹೆಚ್ಚೆಂದರೆ 16 ಮಂದಿ. ಒಂದು ಹಡಗಿನಲ್ಲಿ ಹೆಚ್ಚೆಂದರೆ 100 ಪ್ರಯಾಣಿಕರು. ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು. ಫ್ಲ್ಯಾಶ್ ಇಲ್ಲ, ಡ್ರೋನ್ ಇಲ್ಲ, ದ್ವೀಪದ ಮೇಲೆ ನೀರು ಬಿಟ್ಟು ಬೇರೆ ತಿನಿಸು ಇಲ್ಲ.

ಆಯ್ಕೆಯನ್ನು ಕಷ್ಟಕ್ಕೆ ತರುವ ನಿಯಮ ಇನ್ನೊಂದಿದೆ. ಒಂದು ಹಡಗು ಒಂದೇ ತಾಣಕ್ಕೆ ಹದಿನಾಲ್ಕು ದಿನದೊಳಗೆ ಮತ್ತೆ ಬರುವಂತಿಲ್ಲ. ಹಾಗಾಗಿ ಪ್ರತಿ ಹಡಗೂ ಹದಿನೈದು ದಿನದ ಒಂದು ದೊಡ್ಡ ಸುತ್ತು ಹಾಕಿಕೊಂಡು, ಅದನ್ನು ನಾಲ್ಕು, ಐದು, ಎಂಟು ದಿನಗಳ ತುಂಡುಗಳಾಗಿ ಮಾರುತ್ತದೆ. ಒಂದು ತುಂಡು ಪಶ್ಚಿಮಕ್ಕೆ ಹೋದರೆ ಇನ್ನೊಂದು ಪೂರ್ವಕ್ಕೆ. ಎಲ್ಲ ಪ್ರಸಿದ್ಧ ತಾಣಗಳೂ ಒಂದೇ ವಾರದಲ್ಲಿ ಸಿಗುವ ಪ್ರವಾಸವನ್ನು ಹುಡುಕುವುದು ವ್ಯರ್ಥ. ನಿಮಗೆ ಯಾವುದು ಬೇಡ ಎಂಬುದನ್ನು ಮೊದಲು ತೀರ್ಮಾನಿಸಿ.

ದಿನದ ಚೌಕಟ್ಟು ಹೆಚ್ಚುಕಡಿಮೆ ಎಲ್ಲ ಹಡಗಿನಲ್ಲೂ ಒಂದೇ. ಏಳಕ್ಕೆ ತಿಂಡಿ, ಎಂಟರ ಹೊತ್ತಿಗೆ ಮೊದಲ ಇಳಿತ, ಹತ್ತೂವರೆ ಹನ್ನೊಂದಕ್ಕೆ ಸ್ನಾರ್ಕೆಲಿಂಗ್, ಅಂದರೆ ಮುಖವಾಡ, ಉಸಿರುಕೊಳವೆ ಹಾಕಿಕೊಂಡು ನೀರ ಮೇಲೆ ತೇಲುತ್ತ ಒಳಗೆ ನೋಡುವುದು. ಊಟದ ಹೊತ್ತಿಗೆ ಹಡಗು ಇನ್ನೊಂದು ತಾಣಕ್ಕೆ ಸರಿದಿರುತ್ತದೆ. ಮಧ್ಯಾಹ್ನ ಎರಡೂವರೆಗೆ ಮತ್ತೆ ನೀರು, ನಾಲ್ಕಕ್ಕೆ ಎರಡನೇ ನಡಿಗೆ. ಸಂಜೆ ಆರಕ್ಕೆ ದಡ ಖಾಲಿಯಾಗಿರಬೇಕು. ದೂರದ ಪಯಣವೆಲ್ಲ ರಾತ್ರಿಯಲ್ಲಿ.

ಪಶ್ಚಿಮ, ಉತ್ತರ, ಆಗ್ನೇಯ: ಮೂರು ದಿನ, ಮೂರು ಲೋಕ

ಪಶ್ಚಿಮದ ದಿನವೆಂದರೆ ಫರ್ನಾಂಡಿನಾ ಮತ್ತು ಇಸಬೆಲಾದ ಪಡುವಣ ದಂಡೆ. ಸಮುದ್ರದಾಳದಲ್ಲಿ ಪೂರ್ವಕ್ಕೆ ಹರಿದುಬರುವ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳ ಬುಡಕ್ಕೆ ಬಡಿದು ಮೇಲಕ್ಕೇಳುತ್ತದೆ. ಅದರೊಡನೆ ತಣ್ಣೀರೂ ಸತ್ವವೂ ಮೇಲೆ ಬರುತ್ತವೆ. ಪಾಚಿ ಹುಲುಸಾಗಿ ಬೆಳೆಯುತ್ತದೆ, ಮೀನು ಸೇರುತ್ತದೆ. ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಬದುಕಿರುವುದು ಈ ತಂಪಿನಿಂದಲೇ.

ಫರ್ನಾಂಡಿನಾದ ಪುಂತಾ ಎಸ್ಪಿನೋಸಾದಲ್ಲಿ ಕಡಲ ಇಗುವಾನಾಗಳು, ಅಂದರೆ ದೊಡ್ಡ ಓತಿಯಂಥ ಸರೀಸೃಪಗಳು, ಕಪ್ಪು ಲಾವಾದ ಮೇಲೆ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಬಂಡೆ ಯಾವುದು, ಬಾಲ ಯಾವುದು ಎಂದು ಕಾಲಿಡುವ ಮೊದಲು ನೋಡಬೇಕು. ಎಂಟು ಗಂಟೆಯ ಎಳೆಬಿಸಿಲಿಗೆ ಅವು ಮೈಯನ್ನು ಅಡ್ಡಲಾಗಿ ಒಡ್ಡಿ ಕಾಯಿಸಿಕೊಳ್ಳುತ್ತವೆ. ಮೈ ಕಾದಮೇಲೆಯೇ ದೊಡ್ಡ ಗಂಡುಗಳು ಪಾಚಿ ಮೇಯಲು ನೀರಿಗೆ ಧುಮುಕುವುದು. ಹತ್ತಿರ ಕೂತರೆ ಫುಸ್ಸೆಂದು ಸೀನುವ ಸದ್ದು ಕೇಳುತ್ತದೆ. ಮೂಗಿನ ಗ್ರಂಥಿಯಿಂದ ಹೆಚ್ಚಿನ ಉಪ್ಪನ್ನು ಹೊರಗೆ ಚಿಮ್ಮುವ ಬಗೆ ಅದು. ತಲೆಯ ಮೇಲಿನ ಬಿಳಿ ಟೋಪಿಯಂಥ ಪದರವೂ ಆ ಉಪ್ಪೇ. ಕ್ಯಾಮೆರಾದ ಗಾಜಿಗೂ ಹಾರುತ್ತದೆ, ಒರೆಸುವ ಬಟ್ಟೆ ಇರಲಿ.

ಅದೇ ದಂಡೆಯಲ್ಲಿ ಹಾರಲಾರದ ನೀರುಕಾಗೆ. ಮುಳುಗಿ ಎದ್ದು ಬಂದು ಮೋಟು ರೆಕ್ಕೆಗಳನ್ನು ಬಿಚ್ಚಿ ಒಣಗಿಸುವಾಗ ಅವು ಹರಿದ ಛತ್ರಿಯ ಹಾಗೆ ಕಾಣುತ್ತವೆ. ಗೂಡಿಗೆ ಮರಳುವ ಹಕ್ಕಿ ಕಾವು ಕೂತ ಜೋಡಿಗೆ ಕೊಕ್ಕಿನಲ್ಲಿ ಒಂದು ಎಳೆ ಪಾಚಿ ತಂದು ಒಪ್ಪಿಸುತ್ತದೆ, ಆ ಜೋಡಿ ಅದನ್ನು ಗೂಡಿಗೆ ಸಿಕ್ಕಿಸಿಕೊಳ್ಳುತ್ತದೆ. ಈ ಹಕ್ಕಿ ಜಗತ್ತಿನಲ್ಲಿ ಈ ಎರಡು ದ್ವೀಪಗಳ ಕರಾವಳಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮಧ್ಯಾಹ್ನಕ್ಕೆ ಇಸಬೆಲಾದ ಪುಂತಾ ವಿಸೆಂತೆ ರೋಕಾ ಸೇರಿದರೆ ದಿನ ಸಾರ್ಥಕ: ಅಲ್ಲಿ ಇಳಿಯಲು ನೆಲವಿಲ್ಲ, ದೋಣಿ ಮತ್ತು ಸ್ನಾರ್ಕೆಲಿಂಗ್ ಮಾತ್ರ. ಕಡಲಾಮೆ, ಪೆಂಗ್ವಿನ್ ಒಂದೇ ಕೊಲ್ಲಿಯಲ್ಲಿ ಸಿಗುತ್ತವೆ, ಅದೃಷ್ಟವಿದ್ದರೆ ಬಿಲ್ಲೆಯಂಥ ದೊಡ್ಡ ಮೋಲಾ ಮೀನೂ ಉಂಟು.

ಉತ್ತರದ ದಿನ ಪೂರ್ತಿಯಾಗಿ ಹಕ್ಕಿಗಳದು. ಜಿನೋವೆಸಾ ಕುಸಿದ ಜ್ವಾಲಾಮುಖಿಯ ಬಾಯಿ. ಒಂದು ಪಕ್ಕ ಒಡೆದು ಸಮುದ್ರ ಒಳನುಗ್ಗಿ ಡಾರ್ವಿನ್ ಕೊಲ್ಲಿಯಾಗಿದೆ. ಬೂಬಿ ಎಂಬ ಕಡಲಹಕ್ಕಿಗಳಲ್ಲಿ ಕೆಂಪುಕಾಲಿನದು ಪೊದೆಯ ಕೊಂಬೆಯಲ್ಲಿ ಗೂಡು ಕಟ್ಟಿದರೆ ನಾಸ್ಕಾ ಬೂಬಿ ನೆಲದ ಮೇಲೆ. ಪ್ರಿನ್ಸ್ ಫಿಲಿಪ್ ಮೆಟ್ಟಿಲು ಹತ್ತಿ ದ್ವೀಪದ ಹೊರಬದಿಗೆ ಹೋದರೆ ಬಿರುಕುಬಿಟ್ಟ ಲಾವಾದ ಬಯಲಿದೆ. ಅದರ ಮೇಲೆ ಸಾವಿರಗಟ್ಟಲೆ ಪುಟ್ಟ ಪೆಟ್ರೆಲ್ ಹಕ್ಕಿಗಳು ಸುಳಿದಾಡುತ್ತಿರುತ್ತವೆ. ಬಿರುಕಿನ ಬಾಯಲ್ಲಿ ಕಂದು ಬಣ್ಣದ ಮೋಟುಕಿವಿಯ ಗೂಬೆ ಹಾಡಹಗಲೇ ಹೊಂಚುಹಾಕಿ ಕೂತಿರುತ್ತದೆ. ಲಾವಾದ ಬಣ್ಣ, ಗೂಬೆಯ ಬಣ್ಣ ಒಂದೇ. ಇಡೀ ಬಯಲನ್ನು ಒಮ್ಮೆಲೇ ನೋಡಿದರೆ ಕಾಣದು. ಬಿರುಕುಗಳ ಅಂಚನ್ನು ಬೈನಾಕ್ಯುಲರಿನಲ್ಲಿ ಎಡದಿಂದ ಬಲಕ್ಕೆ ಸಾವಕಾಶವಾಗಿ ಸವರುತ್ತ ಹೋಗಬೇಕು. ಆದರೆ ಇಗುವಾನಾ, ಆಮೆ ನೋಡಬೇಕೆಂಬ ಮಕ್ಕಳಿದ್ದರೆ ಈ ದಿನ ಸಪ್ಪೆಯಾದೀತು, ನೆಲದ ಸರೀಸೃಪಗಳು ಈ ದ್ವೀಪದಲ್ಲಿಲ್ಲ. ಜೊತೆಗೆ ತೆರೆದ ಸಮುದ್ರದಲ್ಲಿ ಹೋಗುತ್ತ ಒಂದು ರಾತ್ರಿ, ಬರುತ್ತ ಒಂದು ರಾತ್ರಿ ಹಡಗು ಹೊಯ್ದಾಡುವುದು ಖಂಡಿತ.

ಆಗ್ನೇಯದ ದಿನವೆಂದರೆ ಎಸ್ಪಾನ್ಯೋಲಾ. ಗಾರ್ಡ್ನರ್ ಕೊಲ್ಲಿಯ ಬಿಳಿ ಮರಳಿನಲ್ಲಿ ಕಡಲಸಿಂಹಗಳು, ಪುಂತಾ ಸುವಾರೆಸ್‌ನಲ್ಲಿ ಅಲೆಗೆರೆಯ ಆಲ್ಬಟ್ರಾಸ್. ಈ ಹಕ್ಕಿಯ ಹೆಚ್ಚುಕಡಿಮೆ ಇಡೀ ಸಂತತಿ ಮರಿಮಾಡುವುದು ಈ ಒಂದೇ ದ್ವೀಪದಲ್ಲಿ. ಎರಡು ಮೀಟರಿಗೂ ಮಿಕ್ಕಿ ಹರಡುವ ರೆಕ್ಕೆ, ಭಾರದ ಮೈ, ನಿಂತಲ್ಲಿಂದ ಏಳಲಾಗದು. ತೊನೆಯುತ್ತ ನಡೆದು ಬಂಡೆಯ ಅಂಚಿಗೆ ಬರುತ್ತದೆ, ಎದುರುಗಾಳಿಗೆ ಮುಖಮಾಡಿ ನಿಲ್ಲುತ್ತದೆ, ರೆಕ್ಕೆ ಬಿಚ್ಚಿ ಕೆಳಕ್ಕೆ ಬೀಳುತ್ತದೆ. ಮರುಕ್ಷಣ ಗಾಳಿ ಅದನ್ನು ಎತ್ತಿಕೊಳ್ಳುತ್ತದೆ. ಆ ಅಂಚಿನ ಬಳಿ ಹತ್ತು ನಿಮಿಷ ಸುಮ್ಮನೆ ಕೂರಲು ಮಾರ್ಗದರ್ಶಿಯನ್ನು ಮೊದಲೇ ಕೇಳಿಕೊಳ್ಳಿ. ಗುಂಪು ಮುಂದೆ ಸಾಗುವ ಅವಸರದಲ್ಲಿ ಈ ನೋಟ ತಪ್ಪುವುದೇ ಹೆಚ್ಚು.

ಮೂರರಲ್ಲಿ ಒಂದನ್ನೇ ಆರಿಸುವುದಾದರೆ, ಏಪ್ರಿಲ್‌ನಿಂದ ಡಿಸೆಂಬರಿನೊಳಗೆ ಹೋಗುವವರಿಗೆ ಎಸ್ಪಾನ್ಯೋಲಾ, ಉಳಿದವರಿಗೆ ಪಶ್ಚಿಮ ಎಂಬುದು ನಮ್ಮ ಅಭಿಪ್ರಾಯ. ಜಿನೋವೆಸಾ ಹಕ್ಕಿಯ ಹುಚ್ಚಿರುವವರಿಗೆ. ಅವರಿಗೆ ಬೇರೆ ಯಾವುದೂ ಸಾಟಿಯಲ್ಲ.

ನಡುವಿನ ದ್ವೀಪಗಳು ಕಡಿಮೆಯೇನಲ್ಲ, ಮತ್ತು ಸಾಂತಾ ಕ್ರೂಸ್‌ನಿಂದ ಹಗಲು ದೋಣಿಯಲ್ಲೂ ಇವುಗಳಲ್ಲಿ ಕೆಲವಕ್ಕೆ ಹೋಗಿಬರಬಹುದು. ನಾರ್ತ್ ಸೀಮೋರ್‌ನಲ್ಲಿ ನೀಲಿಕಾಲಿನ ಬೂಬಿ, ಕೆಂಪು ಚೀಲ ಉಬ್ಬಿಸುವ ಫ್ರಿಗೇಟ್ ಹಕ್ಕಿ, ನೆಲದ ಇಗುವಾನಾ ಮೂರೂ ಒಂದೇ ನಡಿಗೆಯಲ್ಲಿ. ಬಾರ್ತೊಲೋಮೆಯಲ್ಲಿ ಪ್ರಾಣಿ ಕಡಿಮೆ, ನೋಟ ದೊಡ್ಡದು: ಸುಮಾರು 370 ಮರದ ಮೆಟ್ಟಿಲು ಹತ್ತಿ 114 ಮೀಟರ್ ಎತ್ತರ. ಹಡಗು ಹತ್ತುವ ಮೊದಲೋ ಇಳಿದಮೇಲೋ ಸಾಂತಾ ಕ್ರೂಸ್‌ನಲ್ಲಿ ಎರಡು ದಿನ ಉಳಿಯುವವರು, ಈ ತಾಣಗಳನ್ನು ಹಗಲು ದೋಣಿಗೆ ಬಿಟ್ಟು ಹಡಗಿನ ದುಡ್ಡನ್ನು ದೂರದ ದ್ವೀಪಗಳಿಗೆ ಇಡುವುದು ಜಾಣತನ.

ತಿಂಗಳು

ಡಿಸೆಂಬರಿನಿಂದ ಮೇವರೆಗೆ ಬೆಚ್ಚನೆಯ ಕಾಲ. ಸಮುದ್ರ ಶಾಂತ, ನೀರು 23ರಿಂದ 27 ಡಿಗ್ರಿ, ನೀರೊಳಗೆ ದೂರದವರೆಗೆ ಕಾಣುತ್ತದೆ. ಬಿಸಿಲು ಕಡುಬಿಸಿಲು, ನಡುನಡುವೆ ಜೋರು ಮಳೆ ಬಂದು ಹೋಗುತ್ತದೆ. ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆಯಿಡುವುದು ಈ ಕಾಲದಲ್ಲೇ. ಜೂನ್‌ನಿಂದ ನವೆಂಬರ್‌ವರೆಗೆ ಗಾರೂವಾ ಎನ್ನುವ ಮಂಜಿನಂಥ ತುಂತುರಿನ ಕಾಲ. ಹಂಬೋಲ್ಟ್ ಪ್ರವಾಹದ ತಣ್ಣೀರು ಬಂದು ನೀರು 18ರಿಂದ 22 ಡಿಗ್ರಿಗೆ ಇಳಿಯುತ್ತದೆ, ಪಶ್ಚಿಮದಲ್ಲಿ ಇನ್ನೂ ತಣ್ಣಗೆ. ಆಹಾರ ಹೇರಳವಾದ್ದರಿಂದ ಕಡಲಹಕ್ಕಿಗಳ ಚಟುವಟಿಕೆ ಹೆಚ್ಚು, ಕಡಲಸಿಂಹದ ಮರಿಗಳೂ ಹೆಚ್ಚು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಲೆಗಳ ಅಬ್ಬರ ಜೋರು. ಹೊಟ್ಟೆ ತೊಳೆಸುವವರು ಆ ತಿಂಗಳಲ್ಲಿ ಜಿನೋವೆಸಾದ ಪಯಣವನ್ನು ಬಿಡುವುದೇ ಒಳ್ಳೆಯದು.

ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಎಸ್ಪಾನ್ಯೋಲಾಕ್ಕೆ ಹೋದರೆ ಆಲ್ಬಟ್ರಾಸ್ ಸಿಗುವುದಿಲ್ಲ ಎಂದೇ ಲೆಕ್ಕ. ಅವು ಆಗ ತೆರೆದ ಸಮುದ್ರದಲ್ಲಿರುತ್ತವೆ.

ಒಣ ಇಳಿತವೋ, ನೀರಿನ ಇಳಿತವೋ

ದಿನಚರಿಯ ಹಾಳೆಯಲ್ಲಿ ಪ್ರತಿ ತಾಣದ ಮುಂದೆ ಇದು ಬರೆದಿರುತ್ತದೆ. ಒಣ ಇಳಿತವೆಂದರೆ ಪಾಂಗಾದಿಂದ, ಅಂದರೆ ಗಾಳಿ ತುಂಬಿದ ಅಂಚಿನ ಮೋಟಾರು ದೋಣಿಯಿಂದ, ನೇರ ಬಂಡೆಗೋ ಕಟ್ಟೆಗೋ ಕಾಲಿಡುವುದು. ನೀರಿನ ಇಳಿತವೆಂದರೆ ಮರಳ ದಂಡೆಯ ಬಳಿ ಮೊಣಕಾಲುದ್ದ ನೀರಿಗೆ ಇಳಿದು ನಡೆದು ಹೋಗುವುದು. ಹೆಸರು ಕೇಳಿ ಒಣ ಇಳಿತವೇ ಸುಲಭ ಎಂದುಕೊಳ್ಳುತ್ತಾರೆ. ಹೆಚ್ಚಿನ ತಾಣಗಳಲ್ಲಿ ಅದು ತಿರುಗುಮುರುಗು. ಮಂಡಿನೋವು ಇರುವವರಿಗೆ ಮರಳ ದಂಡೆಯ ನೀರಿನ ಇಳಿತವೇ ಹಿತ. ಒಣ ಇಳಿತದಲ್ಲಿ ಪಾಚಿಗಟ್ಟಿದ ಬಂಡೆಯೂ ಮೇಲೆ ಕೆಳಗೆ ಆಡುವ ದೋಣಿಯೂ ಕೂಡಿ ಜಾರಿಸುತ್ತವೆ.

ಒಣ ಇಳಿತದ ಕ್ರಮ ಹೀಗೆ. ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಚೀಲದೊಳಗೆ, ಚೀಲ ಬೆನ್ನಿಗೆ. ನಾವಿಕನ ಅಂಗೈ ಹಿಡಿಯಬೇಡಿ. ಮುಂಗೈಯನ್ನು, ಮಣಿಕಟ್ಟಿನ ಮೇಲೆ ಹಿಡಿಯಿರಿ. ಅವನೂ ನಿಮ್ಮ ಮುಂಗೈ ಹಿಡಿಯುತ್ತಾನೆ. ಒದ್ದೆ ಅಂಗೈ ಜಾರುತ್ತದೆ, ಈ ಹಿಡಿತ ಜಾರುವುದಿಲ್ಲ. ದೋಣಿಯ ಮೂತಿಯ ಮೇಲೆ ಒಂದು ಕಾಲಿಟ್ಟು ನಿಂತು, ಅಲೆ ದೋಣಿಯನ್ನು ಮೇಲೆತ್ತಿದ ಗಳಿಗೆಯಲ್ಲಿ, ಅವನು ಹೇಳಿದ ಮೇಲೆ, ಬಂಡೆಗೆ ಹೆಜ್ಜೆಯಿಡಿ. ಹಾರಬಾರದು. ಕಾಲಿಟ್ಟ ಮೇಲೆ ಅಲ್ಲೇ ನಿಂತು ಹಿಂದೆ ತಿರುಗಿ ನೋಡುವುದೂ ಬೇಡ, ನಿಮ್ಮ ಹಿಂದಿನವರಿಗೆ ಜಾಗ ಬೇಕು.

ನೀರಿನ ಇಳಿತದಲ್ಲಿ ದೋಣಿಯ ಅಂಚಿನ ಮೇಲೆ ಕೂತು, ಎರಡೂ ಕಾಲನ್ನು ಹೊರಗೆ ತಿರುಗಿಸಿ, ಎರಡು ಅಲೆಯ ನಡುವೆ ಜಾರಿ ಇಳಿಯಬೇಕು. ಚಪ್ಪಲಿ ಹಿಂಗಾಲಿಗೆ ಪಟ್ಟಿ ಇರುವಂಥದ್ದಾಗಲಿ, ಇಲ್ಲದಿದ್ದರೆ ಮೊದಲ ಅಲೆಗೇ ಹೋಯಿತು. ನಡಿಗೆಯ ಬೂಟನ್ನು ಚೀಲದಲ್ಲಿ ಒಯ್ದು ದಡದಲ್ಲಿ ಕಾಲೊರೆಸಿಕೊಂಡು ಹಾಕಿಕೊಳ್ಳಿ. ಒದ್ದೆ ಕಾಲ್ಚೀಲದಲ್ಲಿ ಲಾವಾದ ಮೇಲೆ ಎರಡು ಗಂಟೆ ನಡೆದರೆ ಬೊಕ್ಕೆ ಏಳುವುದು ಖಚಿತ.

ಪುಂತಾ ಎಸ್ಪಿನೋಸಾದಲ್ಲಿ ಇಳಿತದ ಜೊತೆಗೆ ನೀರಿನ ಏರಿಳಿತವನ್ನೂ ನೋಡಬೇಕು. ನೀರು ಇಳಿದಾಗ ಇಳಿಯುವ ಜಾಗ ಪಾಚಿಯಿಂದ ಜಾರುತ್ತದೆ, ಆದರೆ ಬಯಲಾದ ಬಂಡೆಗಳಲ್ಲಿ ಸಣ್ಣ ಇಗುವಾನಾಗಳು ಮೇಯುವುದನ್ನು ನೋಡಲು ಅದೇ ಹೊತ್ತು. ಸಾಂತಿಯಾಗೊ ದ್ವೀಪದ ಪ್ವೆರ್ತೊ ಎಗಾಸ್‌ನಲ್ಲೂ ಹೀಗೆಯೇ: ಸಮುದ್ರದ ನೀರು ಇಳಿದ ಹೊತ್ತಿನಲ್ಲಿ ಬಂಡೆಯ ಗುಂಡಿಗಳು ತೆರೆದುಕೊಳ್ಳುತ್ತವೆ.

ನಡಿಗೆ, ಪಾಂಗಾ, ಕಯಾಕ್

ಕೆಲವು ತಾಣಗಳಲ್ಲಿ ಮಾರ್ಗದರ್ಶಿಯೇ ಎರಡು ಗುಂಪು ಮಾಡುತ್ತಾರೆ, ನಡೆಯುವವರು ಒಂದು ಕಡೆ, ದೋಣಿಯವರು ಇನ್ನೊಂದು ಕಡೆ. ಪುಂತಾ ಸುವಾರೆಸ್‌ನ ದಾರಿ ಉದ್ದದಲ್ಲಿ ದೊಡ್ಡದಲ್ಲ, ಆದರೆ ಉರುಟು ಬಂಡೆಗಳಿಂದ ಬಂಡೆಗೆ ಕಾಲಿಡುತ್ತ ಎರಡು ಮೂರು ಗಂಟೆ ಹಿಡಿಯುತ್ತದೆ. ನಾರ್ತ್ ಸೀಮೋರ್ ಸಮತಟ್ಟು, ಕಲ್ಲು ಮಾತ್ರ ಹೆಚ್ಚು. ಊರುಗೋಲು ತರುವವರು ತುದಿಗೆ ರಬ್ಬರ್ ಇರುವಂಥದ್ದನ್ನೇ ತನ್ನಿ.

ಪಾಂಗಾ ಸವಾರಿ ನಡೆಯಲಾಗದವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆಯಿದೆ. ಬಂಡೆಯ ಬುಡದಲ್ಲಿರುವ ಪೆಂಗ್ವಿನ್, ನೀರಂಚಿನ ನೀರುಕಾಗೆ ಇವೆಲ್ಲ ದೋಣಿಯಿಂದಲೇ ಚೆನ್ನಾಗಿ ಕಾಣುವುದು. ಎಲಿಜಬೆತ್ ಕೊಲ್ಲಿಯಲ್ಲಿ ಇಳಿಯಲು ಜಾಗವೇ ಇಲ್ಲ. ಕಾಂಡ್ಲಾ ಕಾಡಿನ ನಡುವೆ ಮೋಟಾರು ಆರಿಸಿ ಹುಟ್ಟುಹಾಕುತ್ತ ಹೋಗುವಾಗ ಆಮೆಗಳು ಉಸಿರಿಗೆ ತಲೆಯೆತ್ತುವ ಸದ್ದು ಕೇಳಿಸುತ್ತದೆ. ಫೋಟೊ ಬೇಕಾದವರು ದೋಣಿಯ ಹಿಂಭಾಗದಲ್ಲಿ ಕೂರಲಿ, ಕುಲುಕಾಟ ಕಡಿಮೆ. ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗದ ಹತ್ತಿರವಿರಲಿ, ಅದಕ್ಕಿಂತ ನಿಧಾನವಾದರೆ ದೋಣಿ ಅಲ್ಲಾಡಿ ಚಿತ್ರ ಮಸುಕಾಗುತ್ತದೆ.

ಕಯಾಕ್, ಅಂದರೆ ಹುಟ್ಟುಹಾಕಿ ನಡೆಸುವ ಕಿರುದೋಣಿ, ಎಲ್ಲ ಹಡಗಿನಲ್ಲೂ ಇಲ್ಲ, ಎಲ್ಲ ತಾಣದಲ್ಲೂ ಬಿಡುವುದಿಲ್ಲ. ಸದ್ದಿಲ್ಲ ಎಂಬುದೇ ಅದರ ದೊಡ್ಡ ಗುಣ. ಹುಟ್ಟುಹಾಕುತ್ತ ಕ್ಯಾಮೆರಾ ಹಿಡಿಯಲಾಗದು, ಗಾಳಿ ಎದ್ದ ಮಧ್ಯಾಹ್ನ ತೋಳು ಸೋಲುತ್ತದೆ. ಬೆಳಗಿನ ಹೊತ್ತಿಗೆ ಸಿಕ್ಕರೆ ತೆಗೆದುಕೊಳ್ಳಿ.

ದಂಡೆಯಲ್ಲಿ ಎರಡು ಎಚ್ಚರ. ಮರಳಲ್ಲಿ ಬೊಗಳುತ್ತ ತಿರುಗುವ ದೊಡ್ಡ ಗಂಡು ಕಡಲಸಿಂಹ ತನ್ನ ಸೀಮೆ ಕಾಯುತ್ತಿರುತ್ತದೆ. ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ. ಮರಿ ತಾನಾಗಿ ಬಂದು ಕಾಲು ಮೂಸಿದರೂ ಮುಟ್ಟಬಾರದು, ತಾಯಿ ಅದನ್ನು ಗುರುತಿಸುವುದು ವಾಸನೆಯಿಂದ. ಇನ್ನೊಂದು, ಮಾಂಸನಿಯೊ ಎಂಬ ಹಸಿರು ಹಣ್ಣಿನ ಮರ. ಅದರ ಹಾಲು ಚರ್ಮ ಸುಡುತ್ತದೆ, ಹಣ್ಣು ವಿಷ. ಮಳೆ ಬಂದರೆ ಅದರಡಿ ನಿಲ್ಲುವುದೂ ಅಪಾಯ.

ಸ್ನಾರ್ಕೆಲಿಂಗ್: ದಡದಿಂದಲೋ, ದೋಣಿಯಿಂದಲೋ

ದಡದಿಂದ ನಡೆದು ನೀರಿಗಿಳಿದರೆ ನಿಂತುಕೊಳ್ಳಲು ನೆಲ ಸಿಗುತ್ತದೆ, ಬೇಡವಾದಾಗ ಎದ್ದು ಬರಬಹುದು. ಗಾರ್ಡ್ನರ್ ಕೊಲ್ಲಿಯ ದಂಡೆ ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. ಆದರೆ ಅಲೆ ಮರಳು ಕಲಕಿ ನೀರು ಮಬ್ಬಾಗಿರುವುದೇ ಹೆಚ್ಚು. ದೋಣಿಯಿಂದ ಆಳಕ್ಕಿಳಿದರೆ ಬಂಡೆಯ ಗೋಡೆಗುಂಟ ತಿಳಿನೀರು, ಆಮೆ, ಬಿಳಿತುದಿಯ ಶಾರ್ಕ್, ಆಟಕ್ಕೆ ಬರುವ ಕಡಲಸಿಂಹ. ಫ್ಲೋರಿಯಾನಾದ ಡೆವಿಲ್ಸ್ ಕ್ರೌನ್‌ನಲ್ಲಿ ಸೆಳೆತ ಜೋರು. ಈಜು ಬಂದರೂ ನೀರಿನ ಭಯ ಬಿಡದವರು ಅಲ್ಲಿ ದೋಣಿಯಲ್ಲೇ ಇರಲಿ.

ನಮ್ಮ ಸಲಹೆ: ಮೊದಲ ದಿನ ದಡದಿಂದಲೇ ಇಳಿಯಿರಿ, ಈಜು ಚೆನ್ನಾಗಿ ಬಂದರೂ. ಸಲಕರಣೆ ಸರಿಯಿಲ್ಲದ್ದು ಮೊಣಕಾಲುದ್ದ ನೀರಿನಲ್ಲಿ ಗೊತ್ತಾದರೆ ಬದಲಿಸಬಹುದು, ಹತ್ತು ಮೀಟರ್ ಆಳದ ಮೇಲೆ ಗೊತ್ತಾದರೆ ಆ ಗಂಟೆ ಮುಗಿದಂತೆ. ಮುಖವಾಡವನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅಳತೆ ಸರಿ. ನೀರು ಒಳಬರುವುದಕ್ಕೆ ಹೆಚ್ಚಿನ ಸಲ ಕಾರಣ ಅಂಚಿನಡಿ ಸಿಕ್ಕಿದ ಕೂದಲು, ಇಲ್ಲವೇ ಮೀಸೆ. ಪಟ್ಟಿಯನ್ನು ಬಿಗಿದಷ್ಟೂ ಅಂಚು ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ಮಂಜು ಕಟ್ಟದಿರಲು ಒಂದು ಹನಿ ಮಕ್ಕಳ ಶಾಂಪೂ ಒಳಗೆ ಸವರಿ, ತುಸುವೇ ನೀರಲ್ಲಿ ತೊಳೆಯಿರಿ.

ತಣ್ಣೀರಿನ ಉಡುಪು (ವೆಟ್‌ಸೂಟ್) ಬೆಚ್ಚನೆಯ ಕಾಲಕ್ಕೆ 3 ಮಿಲಿಮೀಟರ್ ದಪ್ಪದ್ದು ಸಾಕು. ಗಾರೂವಾ ಕಾಲದ ಪಶ್ಚಿಮಕ್ಕೆ 5 ಮಿಲಿಮೀಟರ್ ಕೇಳಿ. ಚಳಿಯಲ್ಲಿ ನಡುಗತೊಡಗಿದವರು ಇಪ್ಪತ್ತು ನಿಮಿಷಕ್ಕೆ ದೋಣಿ ಹತ್ತುತ್ತಾರೆ, ಪೆಂಗ್ವಿನ್ ಬರುವುದು ಇಪ್ಪತ್ತೈದನೇ ನಿಮಿಷಕ್ಕೆ. ಉಡುಪು ತೇಲಿಸುತ್ತದಾದ್ದರಿಂದ ದಣಿವೂ ಕಡಿಮೆ. ದೋಣಿ ಹತ್ತುವಾಗ ಏಣಿ ಹಿಡಿದುಕೊಂಡೇ ಮೊದಲು ಕಾಲಿಗೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್, ಬಿಚ್ಚಿ ಮೇಲೆ ಕೊಡಿ, ಆಮೇಲೆ ಹತ್ತಿ. ಫಿನ್ ಹಾಕಿಕೊಂಡೇ ಹತ್ತಲು ಹೋಗಿ ಮೆಟ್ಟಿಲಿಗೆ ಸಿಕ್ಕಿ ಹಿಂದಕ್ಕೆ ಬೀಳುವವರು ಬಹಳ.

ಈಗ ಹಡಗು

ಹದಿನಾರು ಮಂದಿಯ ಹಡಗಿನಲ್ಲಿ ಒಬ್ಬನೇ ಮಾರ್ಗದರ್ಶಿ, ಎಲ್ಲರೂ ಒಟ್ಟಿಗೆ ಇಳಿದು ಒಟ್ಟಿಗೆ ಹತ್ತುತ್ತಾರೆ. ಕಾಯುವುದು ಕಡಿಮೆ, ಆದರೆ ನಡಿಗೆಯ ವೇಗ ಎಲ್ಲರಿಗೂ ಒಂದೇ. ತೊಂಬತ್ತು ನೂರು ಮಂದಿಯ ಹಡಗು ಅಲೆಗೆ ಅಷ್ಟಾಗಿ ಅಲ್ಲಾಡದು, ಮತ್ತು ಒಂದೇ ಹೊತ್ತಿಗೆ ಉದ್ದ ನಡಿಗೆ, ಗಿಡ್ಡ ನಡಿಗೆ, ದೋಣಿ ಸವಾರಿ ಎಂದು ಗುಂಪುಗಳನ್ನು ಬೇರೆ ಮಾಡಬಲ್ಲದು. ವಯಸ್ಸಾದವರೂ ಮಕ್ಕಳೂ ಇರುವ ಕುಟುಂಬಕ್ಕೆ ಇದೇ ಅನುಕೂಲ. ನಡುವಿನದು ಎರಡು ತಳದ ಕ್ಯಾಟಮರಾನ್: ಅಡ್ಡ ಹೊಯ್ದಾಟ ಕಡಿಮೆ. ಯಾವ ಹಡಗಾದರೂ ವಾಕರಿಕೆಯವರು ಕೆಳ ಅಂತಸ್ತಿನ ನಡುಭಾಗದ ಕೋಣೆ ಕೇಳಲಿ. ಮೇಲಿನ ದೊಡ್ಡ ಕಿಟಕಿಯ ಕೋಣೆಗಳೇ ಹೆಚ್ಚು ತೂಗುವುದು. ಮಾತ್ರೆ ತೆಗೆದುಕೊಳ್ಳುವುದಾದರೆ ಹಡಗು ಹೊರಡುವ ಮೊದಲೇ, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲದು.

ದರದಲ್ಲಿ ಏನು ಸೇರಿದೆ ಎಂಬುದನ್ನು ಬಿಡಿಬಿಡಿಯಾಗಿ ಕೇಳಿ: ತಣ್ಣೀರಿನ ಉಡುಪು, ಮುಖವಾಡ, ಕಯಾಕ್. ಉದ್ಯಾನದ ಪ್ರವೇಶ ಶುಲ್ಕ ಸಾಮಾನ್ಯವಾಗಿ ಬೇರೆ. 2024ರ ಆಗಸ್ಟ್ 1ರಿಂದ ಹೆಚ್ಚಿನ ದೇಶಗಳ ವಯಸ್ಕ ಪ್ರವಾಸಿಗರಿಗೆ ಅದು 200 ಡಾಲರ್, ಮೊದಲು 100 ಇತ್ತು.

ದಿನಚರಿಯಲ್ಲಿ ಬರೀ "ಇಸಬೆಲಾ" ಎಂದು ಬರೆದಿದ್ದರೆ ಒಪ್ಪಬೇಡಿ. ಅದು ದ್ವೀಪಸಮೂಹದಲ್ಲೇ ದೊಡ್ಡ ದ್ವೀಪ. ದಕ್ಷಿಣದ ಪ್ವೆರ್ತೊ ವಿಲ್ಯಾಮಿಲ್ ಊರೂ ಇಸಬೆಲಾ, ನೀರುಕಾಗೆಯಿರುವ ಪಶ್ಚಿಮದ ಟ್ಯಾಗಸ್ ಕೊಲ್ಲಿಯೂ ಇಸಬೆಲಾ. ತಾಣದ ಹೆಸರು, ಬೆಳಗ್ಗೆಯೋ ಮಧ್ಯಾಹ್ನವೋ, ಒಣ ಇಳಿತವೋ ನೀರಿನದೋ, ಈ ಮೂರನ್ನೂ ಬರೆದು ಕಳಿಸಲು ಹೇಳಿ, ಹಣ ಕಟ್ಟುವುದು ಆಮೇಲೆ.